ನೀಲಿ ಮೇಲುವಸ್ತ್ರದ ಬೆಲೆ

ಮಾತೆ ಮರಿಯಮ್ಮನವರ ಸ್ವರೂಪಕ್ಕೆ ಹೊಸದಾಗಿ ಬಣ್ಣ ಹಚ್ಚಿಸುವಾಗ ಮೇಲುವಸ್ತ್ರಕ್ಕೆ ಯಾವ ಬಣ್ಣವೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಅದು ನೀಲಿಯೇ ಆಗಿರಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಓದುಗರೇ, ನಾಲ್ಕು ಶುಭಸಂದೇಶಗಳನ್ನೂ ಒಮ್ಮೆ ತಿರುವಿ ನೋಡಿ. ಆ ತಾಯಿ ಯಾವ ಬಣ್ಣದ ಉಡುಪು ಧರಿಸಿದ್ದರೆಂಬ ಒಂದು ಮಾತೂ ಅಲ್ಲಿ ದೊರೆಯುವುದಿಲ್ಲ. ಹಾಗಾದರೆ ಈ ನೀಲಿ ಎಲ್ಲಿಂದ ಬಂತು?

ನೀಲಿ ಆಕಾಶದ ಬಣ್ಣ, ಆದ್ದರಿಂದ ಅದು ಸ್ವರ್ಗದ ಸಂಕೇತ ಎಂಬ ಉತ್ತರ ಸುಲಭವಾದದ್ದು. ಸುಳ್ಳಲ್ಲ, ಆದರೆ ಸಾಲದು. ಬೈಜಾಂಟೀನ್ ಪರಂಪರೆಯ ಪವಿತ್ರ ಚಿತ್ರಗಳಲ್ಲಿ ಮರಿಯಮ್ಮನವರ ಮೇಲುವಸ್ತ್ರ ಸಾಮಾನ್ಯವಾಗಿ ಕಡುಗೆಂಪು, ಕೆನ್ನೀಲಿಗೆ ಸಮೀಪವಾದದ್ದು. ಕಾರಣ, ಆ ನಾಡಿನಲ್ಲಿ ಅದು ಚಕ್ರವರ್ತಿಗಳ ಬಣ್ಣ. ಅದೇ ತಾಯಿ, ಅದೇ ವಿಶ್ವಾಸ. ನಾಡು ಬೇರೆಯಾದೊಡನೆ ಗೌರವದ ಬಣ್ಣವೂ ಬೇರೆಯಾಯಿತು. ಬಣ್ಣದ ಅರ್ಥ ಬಣ್ಣದೊಳಗೆ ಹುಟ್ಟುವುದಿಲ್ಲ. ಅದನ್ನು ಬಳಸುವ ಜನರ ಬಾಳಿನಲ್ಲಿ ಹುಟ್ಟುತ್ತದೆ.

ಪಶ್ಚಿಮದ ನೀಲಿಯ ಹಿಂದೆ ಒಂದು ಕಲ್ಲಿದೆ. ಆಫ್ಘಾನಿಸ್ತಾನದ ಬದಖ್ಶಾನ್ ಬೆಟ್ಟಗಳ ಗಣಿಗಳಿಂದ ಲಾಪಿಸ್ ಲಾಜುಲಿ ಎಂಬ ಆ ಕಲ್ಲು ಮರುಭೂಮಿಗಳನ್ನೂ ಕಡಲನ್ನೂ ದಾಟಿ ಇಟಲಿಗೆ ಬರುತ್ತಿತ್ತು. ಕಡಲಾಚೆಯದು ಎಂಬ ಅರ್ಥದಲ್ಲಿಯೇ ಅದರ ಬಣ್ಣಕ್ಕೆ ಅಲ್ಟ್ರಾಮರೀನ್ ಎಂದು ಹೆಸರಾಯಿತು. ಕಲ್ಲನ್ನು ಪುಡಿಮಾಡಿದರಷ್ಟೇ ನೀಲಿ ದೊರೆಯದು. ಆ ಪುಡಿಯನ್ನು ಮೇಣ ಮತ್ತು ರಾಳಗಳೊಡನೆ ಕಣಕದಂತೆ ಕಲಸಿ, ಕ್ಷಾರದ ನೀರಿನಲ್ಲಿ ಮತ್ತೆಮತ್ತೆ ನಾದಿ, ತಳದಲ್ಲಿ ಇಳಿಯುವ ನೀಲಿಯನ್ನು ಸಂಗ್ರಹಿಸುವ ಕ್ರಮವನ್ನು ಚೆನ್ನೀನೋ ಚೆನ್ನೀನಿ ಎಂಬ ಚಿತ್ರಕಾರ ಸುಮಾರು 1400ರಲ್ಲಿ ಬರೆದಿಟ್ಟಿದ್ದಾನೆ. 1485ರಲ್ಲಿ ಫ್ಲಾರೆನ್ಸಿನ ಅನಾಥಶಿಶುಗಳ ಆಶ್ರಯಧಾಮವೊಂದು ಮೂವರು ಜ್ಞಾನಿಗಳ ಆರಾಧನೆಯ ಚಿತ್ರವನ್ನು ಗಿರ್ಲಾಂಡಾಯೋನಿಂದ ಬರೆಸಿತು. ಔನ್ಸಿಗೆ ಸುಮಾರು ನಾಲ್ಕು ಫ್ಲೋರಿನ್ ಬೆಲೆಯ ಅಲ್ಟ್ರಾಮರೀನನ್ನೇ ಬಳಸತಕ್ಕದ್ದೆಂದು ಆ ಕರಾರುಪತ್ರದಲ್ಲಿ ಬರೆಯಲಾಗಿತ್ತು.

ಇದು ಭಕ್ತಿಯೋ, ಆಡಂಬರವೋ? ಬೆಥಾನಿಯ ಮನೆಯಲ್ಲಿ ಮುನ್ನೂರು ದೆನಾರಿ ಬೆಲೆಯ ಸುಗಂಧತೈಲವನ್ನು ಪ್ರಭುವಿನ ಪಾದಗಳಿಗೆ ಸುರಿದಾಗಲೂ ಇದೇ ಪ್ರಶ್ನೆ ಎದ್ದಿತ್ತು. ನಜರೇತಿನ ಬಡ ಹೆಣ್ಣುಮಗಳಿಗೆ ಲೋಕದ ಅತಿ ದುಬಾರಿ ಬಣ್ಣವನ್ನು ತೊಡಿಸಿದವರ ಮನಸ್ಸಿನಲ್ಲಿ ಎರಡೂ ಬೆರೆತಿದ್ದವೆಂದೇ ತೋರುತ್ತದೆ.

ಮುಂದಿನ ಕತೆ ಇನ್ನೂ ಸ್ವಾರಸ್ಯಕರ. 1828ರಲ್ಲಿ ಫ್ರಾನ್ಸಿನ ಗಿಮೆ ಎಂಬಾತನಿಗೆ ಈ ನೀಲಿಯನ್ನು ಕೃತಕವಾಗಿ ತಯಾರಿಸಿದ್ದಕ್ಕೆ ಬಹುಮಾನ ಸಂದಿತು. ರಾಜರ ಖಜಾನೆಯ ಬಣ್ಣ ಕಾರ್ಖಾನೆಯ ಸರಕಾಯಿತು. ನಮ್ಮ ತಾಯಂದಿರು ಬಿಳಿ ಬಟ್ಟೆಗೆ ಹಾಕುತ್ತಿದ್ದ, ಗೋಡೆಗೆ ಬಳಿಯುವ ಸುಣ್ಣದಲ್ಲಿ ಚಿಟಿಕೆಯಷ್ಟು ಬೆರೆಸುತ್ತಿದ್ದ ನೀಲಿಪುಡಿ ಅದೇ ಅಲ್ಟ್ರಾಮರೀನ್. ಮರಿಯಮ್ಮನವರ ಮೇಲುವಸ್ತ್ರದ ನೀಲಿ ಅಗಸೆಕಲ್ಲಿನ ಬಳಿಗೆ ಬಂತು! ಬೆಲೆ ಹೋದ ಮೇಲೆ ಬಣ್ಣದಲ್ಲಿ ಉಳಿಯುವುದೇನು?

ಈ ಪ್ರಶ್ನೆಗೆ ಪಾದುವಾ ನಗರದ ಸ್ಕ್ರೊವೇನಿ ಪ್ರಾರ್ಥನಾಲಯ ಉತ್ತರಿಸುತ್ತದೆ. 1305ರಲ್ಲಿ ಪ್ರತಿಷ್ಠೆಗೊಂಡ ಆ ಪ್ರಾರ್ಥನಾಲಯದ ಗೋಡೆಗಳಲ್ಲಿ ಜೊತ್ತೋ ಹಸಿ ಗಾರೆಯ ಮೇಲೆ ಹಚ್ಚಿದ ಮಣ್ಣಿನ ಬಣ್ಣಗಳು ಸುಣ್ಣದೊಡನೆ ಕಲ್ಲಾಗಿ ಉಳಿದಿವೆ. ನೀಲಿಯನ್ನು ಮಾತ್ರ ಗಾರೆ ಒಣಗಿದ ಮೇಲೆ ಅಂಟಿನಲ್ಲಿ ಕಲಸಿ ಬಳಿಯಬೇಕಾಗಿತ್ತು. ಅದು ಅನೇಕ ಕಡೆ ಉದುರಿಹೋಗಿದೆ. ಮೃತ ಯೇಸುವನ್ನು ಅಪ್ಪಿಕೊಂಡ ತಾಯಿಯ ಉಡುಪಿನಲ್ಲಿಯೂ ನೀಲಿ ಬಹುಮಟ್ಟಿಗೆ ಅಳಿದಿದೆ. ಆದರೆ ಆ ಬಾಗಿದ ಮೈಯಲ್ಲಿ, ಮಗನ ಮುಖವನ್ನೇ ನೋಡುವ ಆ ನೋಟದಲ್ಲಿ ಶೋಕ ಎಳ್ಳಷ್ಟೂ ಕಡಿಮೆಯಾಗಿಲ್ಲ. ಬಣ್ಣ ಕಾಣಿಕೆಯಾಗಬಹುದು, ಚಿತ್ರದ ಪ್ರಾಣ ಕಲಾವಿದನ ಕಾಣ್ಕೆಯಲ್ಲಿದೆ.

ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ಈ ಬೆಳಕಿನಲ್ಲಿ ನೋಡಬಹುದು. ಇಟಲಿಯ ಬೆರ್ಗಾಮೋ ಸೀಮೆಯ ಯೇಸುಸಭೆಯ ಸಹೋದರ ಅಂತೋನಿಯೋ ಮೋಸ್ಕೇನಿಯವರು 1899ರಿಂದ 1901ರ ಅವಧಿಯಲ್ಲಿ ಅಲ್ಲಿನ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಅವರ ಶ್ರಮ, ಕೈಚಳಕ ಬೆರಗು ಹುಟ್ಟಿಸುವಂಥವು. ಆದರೂ ಆ ಚಿತ್ರಗಳ ಆಕಾಶ, ಮೈಬಣ್ಣ, ಉಡುಪು ಎಲ್ಲವೂ ಇಟಲಿಯವೇ. ಅದು ಅವರ ದೋಷವಲ್ಲ. ತಮ್ಮ ನಾಡಿನ ಬಣ್ಣಗಳಲ್ಲಿ ಅವರು ಪ್ರಾಮಾಣಿಕವಾಗಿ ಪ್ರಾರ್ಥಿಸಿದರು. ಅದನ್ನೇ ಇಂದಿಗೂ ನಕಲು ಮಾಡುತ್ತ ಕುಳಿತರೆ ದೋಷ ನಮ್ಮದು.

ಬೇರೊಂದು ದಾರಿಯನ್ನು ತೋರಿದವರು ಬಂಗಾಳದ ಜಾಮಿನಿ ರಾಯ್ (1887–1972). ಕ್ರೈಸ್ತರಲ್ಲದ ಅವರು ಕ್ರಿಸ್ತನನ್ನು ಮತ್ತೆಮತ್ತೆ ಚಿತ್ರಿಸಿದರು. ಕೊಳ್ಳುವ ಬಣ್ಣಗಳನ್ನು ಬಿಟ್ಟು ಕಲ್ಲಿನ ಪುಡಿ, ಹುಣಸೆಬೀಜ, ಮೆಕ್ಕಲು ಮಣ್ಣು, ಸೀಮೆಸುಣ್ಣ, ನೀಲಿಗಿಡದ ಬಣ್ಣಗಳನ್ನು ನೆಚ್ಚಿದರು. ದಪ್ಪ ರೇಖೆ, ಅಗಲವಾದ ಕಣ್ಣು, ನೆರಳಿಲ್ಲದ ಸಪಾಟಾದ ಬಣ್ಣಗಳ ನಡುವೆ ಅವರ ಕ್ರಿಸ್ತ ಹಳ್ಳಿಯ ಪಟಚಿತ್ರದಿಂದ ಎದ್ದು ಬಂದವನಂತೆ ನಿಲ್ಲುತ್ತಾನೆ. ಇಲ್ಲಿ ಬಣ್ಣಕ್ಕೆ ಬೆಲೆಯಿಲ್ಲ, ನೆಲದ ನಂಟಿದೆ.

ಪೂಜಾವಿಧಿಯ ಬಣ್ಣಗಳಿಗೂ ಈ ಮಾತು ಸಲ್ಲುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಮೃತರ ಬಲಿಪೂಜೆಯಲ್ಲಿ ಬಿಳಿ ಉಡುಪಿಗೂ ಅವಕಾಶವಾಯಿತು. ಅದು ಪುನರುತ್ಥಾನದ ಬಿಳಿ. ಆದರೆ ನಮ್ಮ ನಾಡಿನ ಕಣ್ಣಿಗೆ ಬಿಳಿ ಮೊದಲು ಕಾಣುವುದು ವಿಧವೆಯ ಸೀರೆಯಾಗಿ. ಅದೇ ಬಿಳಿಯಲ್ಲಿ ಸೂತಕವೂ ಪಾಸ್ಕವೂ ಒಟ್ಟಿಗೆ ನಿಲ್ಲುತ್ತವೆ. ಈ ಸಂಪತ್ತು ಯುರೋಪಿನ ಕಲಾವಿದನಿಗೆ ಅಷ್ಟು ಸುಲಭವಾಗಿ ದಕ್ಕದು; ನಮಗೆ ಅದು ಹುಟ್ಟಿನಿಂದಲೇ ದಕ್ಕಿದೆ. ನಮ್ಮ ಕಲಾವಿದರು ಇದನ್ನು ಎಷ್ಟರಮಟ್ಟಿಗೆ ಬಳಸಿದ್ದಾರೆ?

ನೀಲಿಯನ್ನು ತೊರೆಯಬೇಕೆಂದು ಇದರ ಅರ್ಥವಲ್ಲ. ಶತಮಾನಗಳ ಪ್ರಾರ್ಥನೆಯಿಂದ ಅದು ಪಾವನವಾಗಿದೆ. ಆದರೆ ನಿಮ್ಮ ಧರ್ಮಕೇಂದ್ರದಲ್ಲಿ ಮುಂದಿನ ಸಲ ಕುಂಚ ಬಣ್ಣದಲ್ಲಿ ಅದ್ದುವ ಮೊದಲು ಒಂದು ಗಳಿಗೆ ತಡೆದು, ಈ ಬಣ್ಣ ನಮ್ಮ ಜನಕ್ಕೆ ಏನು ಹೇಳುತ್ತದೆ ಎಂದು ಕೇಳಿ. ಉತ್ತರ ನೀಲಿಯೇ ಆದರೂ ಆಗಬಹುದು. ಆಗ ಅದು ರೂಢಿಯ ನೀಲಿಯಾಗಿರದೆ ನೀವೇ ಆರಿಸಿ ಅರ್ಪಿಸಿದ ನೀಲಿಯಾಗಿರುತ್ತದೆ.