ಎರವಿನ ಅಚ್ಚು, ಸ್ವಂತ ಎರಕ

ನಡೆದುದನ್ನು ನಡೆದಂತೆಯೇ ತೋರಿಸಿದರೆ ಅದು ಸತ್ಯವೆಂದು ಸಾಮಾನ್ಯ ಜನರ ಭಾವನೆ. ಕಾವ್ಯವಿಚಾರ ಮಾಡಿದವರಾದರೋ ಈ ಮಾತನ್ನು ಎಂದೂ ಪೂರ್ಣವಾಗಿ ಒಪ್ಪಿದವರಲ್ಲ. ಸಂಗತಿಗೂ ಸಂಗತಿಯ ತಿರುಳಿಗೂ ಭೇದವುಂಟು. ಕವಿಯು ಕಲ್ಪಿತ ಕಥೆಯೊಂದರಿಂದ ಆ ತಿರುಳನ್ನು ಹಿಡಿಯಬಲ್ಲನು. ಕಣ್ಣೆದುರಿಗೆ ನಡೆದುದನ್ನು ಬರೆಯುವವನು ಅದನ್ನು ಕೈಬಿಡಲೂ ಬಲ್ಲನು. ಟೆಲಿವಿಷನ್ನಿನ ರಿಯಾಲಿಟಿ ಷೋ ಎಂಬ ಪ್ರಕಾರವು ಈ ಹಳೆಯ ಪ್ರಶ್ನೆಗೆ ಮತ್ತೆ ಜೀವ ಕೊಟ್ಟಿದೆ. ಈ ಪ್ರಕಾರದ ಹೆಸರಿನಲ್ಲಿಯೇ ವಾಸ್ತವತೆಯುಂಟು. ಆದರೆ ಪಾತ್ರಧಾರಿಗಳನ್ನು ಆರಿಸುವವರು ನಿರ್ಮಾಪಕರು. ಸನ್ನಿವೇಶವನ್ನು ಕಟ್ಟುವವರೂ ಅವರೇ. ದಿನಗಟ್ಟಲೆ ತೆಗೆದ ಚಿತ್ರವನ್ನು ಕತ್ತರಿಸಿ, ಯಾರ ಕಣ್ಣೀರನ್ನು ಉಳಿಸಬೇಕು, ಯಾರ ನಗುವನ್ನು ಅಳಿಸಬೇಕು ಎಂದು ನಿರ್ಣಯಿಸುವವರೂ ಅವರೇ. ಹೀಗಿರಲಾಗಿ ರಿಯಾಲಿಟಿ ಷೋ ನಿರ್ಮಾಪಕರನ್ನು ಕೇವಲ ವ್ಯವಹಾರಸ್ಥರೆಂದು ಬದಿಗಿಡುವುದು ಸರಿಯಲ್ಲ. ಅವರ ಕೃತಿಗಳೂ ವಿಮರ್ಶೆಗೆ ಅರ್ಹವಾದವು. ನೈಜೀರಿಯದ ಮೋ ಅಬುಡು ಅವರ ಕೃತಿಪರಂಪರೆಯು ಇದಕ್ಕೆ ಒಳ್ಳೆಯ ನಿದರ್ಶನ.

ಆಫ್ರಿಕ ಖಂಡದಲ್ಲಿ ಈ ಪ್ರಕಾರದ ಪ್ರವೇಶವು ಗದ್ದಲವಿಲ್ಲದೆ ಆಗಲಿಲ್ಲ. ಹಾಲೆಂಡಿನಲ್ಲಿ 1999ರಲ್ಲಿ ಹುಟ್ಟಿದ ‘ಬಿಗ್ ಬ್ರದರ್’ ಷೋ 2003ರಲ್ಲಿ ‘ಬಿಗ್ ಬ್ರದರ್ ಆಫ್ರಿಕ’ವಾಗಿ ಬಂದು, 12 ದೇಶಗಳಿಂದ ಒಬ್ಬೊಬ್ಬರಂತೆ 12 ಮಂದಿಯನ್ನು ಒಂದೇ ಮನೆಯಲ್ಲಿ ಕೂಡಿಹಾಕಿ, ಅವರ ಹಗಲಿರುಳುಗಳನ್ನು ಖಂಡಕ್ಕೆಲ್ಲ ತೋರಿಸಿತು. ಮಲಾವಿ ದೇಶದ ಪಾರ್ಲಿಮೆಂಟು ಅದರ ಪ್ರಸಾರವನ್ನು ನಿಲ್ಲಿಸಿತು. ಅಲ್ಲಿನ ನ್ಯಾಯಾಲಯವು ಆ ನಿಷೇಧವನ್ನು ತೆಗೆದುಹಾಕಿತು. ಆಗಿನ ವಾದವು ಬಹುಮಟ್ಟಿಗೆ ಶೀಲಾಶ್ಲೀಲಗಳ ಸುತ್ತಲೇ ಸುತ್ತಿತು. ಈ ಅಚ್ಚು ಯಾರದು, ಇದರಲ್ಲಿ ಎರಕಗೊಳ್ಳುವ ಬಾಳು ಯಾರದು ಎಂಬ ಪ್ರಶ್ನೆಯು ಹಿಂದೆ ಬಿದ್ದಿತು. ಅಬುಡು ಅವರ ಕೃತಿಗಳನ್ನು ಅಳೆಯುವುದಕ್ಕೆ ಈ ಎರಡನೆಯ ಪ್ರಶ್ನೆಯೇ ತಕ್ಕ ಮಾನದಂಡ.

ಅಬುಡು ಅವರು 1964ರಲ್ಲಿ ಲಂಡನ್ ನಗರದಲ್ಲಿ ನೈಜೀರಿಯದ ತಂದೆತಾಯಿಗಳಿಗೆ ಹುಟ್ಟಿದವರು. ಬಾಲ್ಯದ ಕೆಲವು ವರ್ಷಗಳನ್ನು ನೈಜೀರಿಯದಲ್ಲಿ ಕಳೆದು ಮತ್ತೆ ಇಂಗ್ಲೆಂಡಿಗೆ ಹೋದ ಈ ಬಾಲಿಕೆಯನ್ನು ಅಲ್ಲಿನ ಸಹಪಾಠಿಗಳು ಆಫ್ರಿಕದ ಬಗೆಗೆ ಕೇಳುತ್ತಿದ್ದ ಪ್ರಶ್ನೆಗಳು ಅಜ್ಞಾನದಿಂದಲೂ ತಾತ್ಸಾರದಿಂದಲೂ ಕೂಡಿದ್ದುವು. ತಮ್ಮ ನಾಡಿನ ಬಾಳನ್ನು ಲೋಕಕ್ಕೆ ತಾವೇ ಹೇಳಬೇಕೆಂಬ ಹಟವು ಅಲ್ಲಿಯೇ ಮೊಳೆಯಿತೆಂದು ಅವರು ಹೇಳಿಕೊಂಡಿರುವುದುಂಟು. ಆದರೂ ಅವರು ಮೊದಲು ಹಿಡಿದ ದಾರಿ ಕಲೆಯದಲ್ಲ. 1993ರಲ್ಲಿ ನೈಜೀರಿಯಕ್ಕೆ ಮರಳಿ, ದೊಡ್ಡ ತೈಲಸಂಸ್ಥೆಯೊಂದರಲ್ಲಿ ನೌಕರರನ್ನು ಆರಿಸಿ ನೇಮಿಸುವ ವಿಭಾಗದ ಮುಖ್ಯಸ್ಥೆಯಾಗಿದ್ದರು. ಬಳಿಕ 2000ದಲ್ಲಿ ಅದೇ ಬಗೆಯ ಕೆಲಸಕ್ಕೆ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. ಟೆಲಿವಿಷನ್ನಿಗೆ ಬಂದುದು ನಲವತ್ತು ದಾಟಿದ ಮೇಲೆ. 2006ರಲ್ಲಿ ಆರಂಭವಾದ ‘ಮೊಮೆಂಟ್ಸ್ ವಿತ್ ಮೋ’ ಎಂಬ ಸಂಭಾಷಣಾ ಕಾರ್ಯಕ್ರಮದಲ್ಲಿ ನಿರ್ಮಾಪಕಿಯೂ ನಡೆಸುವವರೂ ಅವರೇ. ಆಫ್ರಿಕದ ಸ್ತ್ರೀಪುರುಷರು ತಮ್ಮ ಏಳುಬೀಳುಗಳನ್ನು ತಮ್ಮ ಬಾಯಿಂದಲೇ ಹೇಳುವುದನ್ನು ಖಂಡದ ಇತರ ಜನರು ಕುಳಿತು ಕೇಳುವಂತೆ ಮಾಡಿದುದು ಆ ಕಾರ್ಯಕ್ರಮದ ಸಾಧನೆ.

ಎರವಿನ ಅಚ್ಚಿನ ಪ್ರಶ್ನೆ ಏಳುವುದು 2008ರ ‘ದಿ ಅಪ್ರೆಂಟಿಸ್ ಆಫ್ರಿಕ’ದಲ್ಲಿ. ಮೂಲವು ಅಮೆರಿಕದ್ದು, 2004ರಲ್ಲಿ ಅಲ್ಲಿ ಡೊನಾಲ್ಡ್ ಟ್ರಂಪ್ ಅವರನ್ನು ಯಜಮಾನನ ಪೀಠದಲ್ಲಿ ಕೂರಿಸಿ ಆರಂಭವಾದುದು. ಅಬುಡು ಅವರು ಕಾರ್ಯಕಾರಿ ನಿರ್ಮಾಪಕಿಯಾಗಿ, ಆ ಪೀಠದಲ್ಲಿ ನೈಜೀರಿಯದ ಪ್ರಸಿದ್ಧ ಜಾಹೀರಾತು ಉದ್ಯಮಿ ಬಿಯೊಡುನ್ ಷೊಬಾಂಜೊ ಅವರನ್ನು ಕೂರಿಸಿದರು. ಆಫ್ರಿಕದ ಹಲವು ದೇಶಗಳ ತರುಣರು ಸ್ಪರ್ಧೆಗೆ ನಿಂತರು. ಕೊನೆಗೆ ಗೆದ್ದವನು ಘಾನಾ ದೇಶದ ಒಬ್ಬ ತರುಣ.

ಈ ಕೃತಿಯ ಗುಣವನ್ನು ಮೊದಲು ಹೇಳತಕ್ಕದ್ದು. ಹೊರಲೋಕದ ಪರದೆಯಲ್ಲಿ ಆಫ್ರಿಕವೆಂದರೆ ಕ್ಷಾಮ, ಯುದ್ಧ, ಕಾಡುಮೃಗ ಎಂಬಷ್ಟೇ ಚಿತ್ರವಿದ್ದಾಗ, ಲೆಕ್ಕ ಬಲ್ಲ, ವ್ಯಾಪಾರ ಬಲ್ಲ, ವಾದ ಬಲ್ಲ ತರುಣರ ಗುಂಪನ್ನು ಅದೇ ಪರದೆಗೆ ತಂದುದು ಸಣ್ಣ ಕೆಲಸವಲ್ಲ. ಶಾಲೆಯ ಸಹಪಾಠಿಗಳು ಕೇಳಿದ ಪ್ರಶ್ನೆಗೆ ಇದು ತಡವಾಗಿ ಬಂದ ಉತ್ತರವೆನ್ನಬಹುದು.

ದೋಷವಾದರೋ ಅಚ್ಚಿನಲ್ಲಿಯೇ ಇದೆ. ‘ಅಪ್ರೆಂಟಿಸ್’ ಎಂಬ ಮಾತಿಗೆ ಅರ್ಥ ಕೆಲಸ ಕಲಿಯುವವನು. ಆದರೆ ಈ ಷೋದಲ್ಲಿ ಕಲಿಯುವುದು ನೆಪ, ತೆಗೆದುಹಾಕುವುದೇ ಪ್ರಧಾನ. ಪ್ರತಿ ಕಂತೂ ಒಬ್ಬರ ಉಚ್ಚಾಟನೆಯಲ್ಲಿ ಮುಗಿಯುತ್ತದೆ. ನೋಡುವವನ ಕುತೂಹಲವೆಲ್ಲ ಆ ಒಂದು ಕ್ಷಣಕ್ಕೆ ಕಾದಿರುತ್ತದೆ. ಕೆಲಸಕ್ಕೆ ತಕ್ಕವರನ್ನು ಆರಿಸುವುದನ್ನೇ ವೃತ್ತಿಯಾಗಿ ನಡೆಸಿದ್ದ ಅಬುಡು ಅವರಿಗೆ, ಆಯ್ಕೆಯು ಶಿಕ್ಷೆಯಲ್ಲ, ಗುರುತಿಸುವ ವಿದ್ಯೆ ಎಂಬುದು ತಿಳಿಯದ ಸಂಗತಿಯಲ್ಲ. ಆ ತಿಳಿವನ್ನು ಬಳಸುವುದಕ್ಕೆ ಅಚ್ಚು ಎಡೆಗೊಡಲಿಲ್ಲ. ವಿದ್ಯಾವಂತ ತರುಣನಿಗೂ ಉದ್ಯೋಗ ದುರ್ಲಭವಾದ ನಾಡಿನಲ್ಲಿ, ಉದ್ಯೋಗ ಕಳೆದುಕೊಳ್ಳುವುದನ್ನು ವಿನೋದವಾಗಿ ತೋರುವುದು ಔಚಿತ್ಯಕ್ಕೆ ಹೊಂದುವುದೆ? ಅಮೆರಿಕದಲ್ಲಿ ಆಟವಾಗಿ ಕಾಣುವುದು ಲಾಗೋಸಿನಲ್ಲಿ ಗಾಯವಾಗಿ ಕಾಣಬಹುದು. ಆ ಷೋ ಒಂದೇ ಸರಣಿಗೆ ನಿಂತುಹೋದುದು ಕೃತಿಕರ್ತೆಗೆ ನಷ್ಟವೆಂದು ಹೇಳಬೇಕಾಗಿಲ್ಲ.

2013ರ ಜುಲೈಯಲ್ಲಿ ಅವರು ‘ಎಬೊನಿಲೈಫ್’ ಎಂಬ ಟೆಲಿವಿಷನ್ ವಾಹಿನಿಯನ್ನೇ ತೆರೆದರು. ಇಲ್ಲಿಯೂ ಎರವಿನ ಮೋಹವು ಕೂಡಲೇ ಬಿಡಲಿಲ್ಲವೆಂಬುದಕ್ಕೆ ಅಮೆರಿಕದ ಧಾರಾವಾಹಿಯನ್ನು ಲಾಗೋಸಿಗೆ ಇಳಿಸಿದ 2015ರ ‘ಡೆಸ್ಪರೇಟ್ ಹೌಸ್‌ವೈವ್ಸ್ ಆಫ್ರಿಕ’ ಸಾಕ್ಷಿ. ಅದೇ ವರ್ಷ ಬಂದ ‘ಫಿಫ್ಟಿ’ ಎಂಬ ಚಲನಚಿತ್ರವು ಐವತ್ತರ ಹೊಸ್ತಿಲಲ್ಲಿರುವ ನಾಲ್ವರು ಸ್ತ್ರೀಯರ ಕಥೆ. ನಿರ್ದೇಶಕರು ಕಾದಂಬರಿಕಾರ ಬಿಯಿ ಬಾಂಡೆಲೆ. 2016ರ ‘ದಿ ವೆಡ್ಡಿಂಗ್ ಪಾರ್ಟಿ’ಯನ್ನು ಕೆಮಿ ಅಡೆಟಿಬಾ ನಿರ್ದೇಶಿಸಿದರು, ಅಬುಡು ಅವರ ಸಂಸ್ಥೆಯು ಅದನ್ನು ಬೇರೆ ಸಂಸ್ಥೆಗಳೊಡನೆ ಕೂಡಿ ನಿರ್ಮಿಸಿತು. ಯೊರುಬಾ ಕುಲದ ವಧುವಿನ ಮನೆಯವರಿಗೂ ಇಗ್ಬೊ ಕುಲದ ವರನ ಮನೆಯವರಿಗೂ ಮದುವೆಯ ದಿನ ನಡೆಯುವ ಪ್ರತಿಷ್ಠೆಯ ಸ್ಪರ್ಧೆಯೇ ಅಲ್ಲಿನ ವಸ್ತು. ನೈಜೀರಿಯದ ಚಿತ್ರಮಂದಿರಗಳಲ್ಲಿ ಅದು ಅದುವರೆಗಿನ ಎಲ್ಲ ಗಳಿಕೆಯನ್ನೂ ಮೀರಿಸಿತು. ಹಾಸ್ಯವು ಸಹಜವಾಗಿದೆ; ಬೀಗರ ಬಿಗುಮಾನವನ್ನು ಕಂಡವರಾರೂ ಅದನ್ನು ಪರದೇಶದ್ದೆನ್ನಲಾರರು. ಅಚ್ಚು ಇಲ್ಲಿ ಸ್ವಂತದ್ದಾಗತೊಡಗಿತು. ಆದರೆ ಈ ಎರಡು ಚಿತ್ರಗಳಲ್ಲಿಯೂ ಲಾಗೋಸೆಂದರೆ ಬಹುತೇಕ ಸಿರಿವಂತರ ಲಾಗೋಸು. ಆಫ್ರಿಕದ ದಾರಿದ್ರ್ಯವನ್ನೇ ತೋರುವ ಹೊರಗಿನವರ ಕಣ್ಣಿಗೆ ಉತ್ತರವಾಗಿ ಸಿರಿಯನ್ನೇ ತೋರುವುದೂ ಅರ್ಧಸತ್ಯವೇ ಸರಿ.

ಈ ಅರ್ಧವನ್ನು ತುಂಬುವ ಮೊದಲ ಪ್ರಯತ್ನವು ಕೆನೆತ್ ಗ್ಯಾಂಗ್ ನಿರ್ದೇಶಿಸಿದ ‘ಒಲೊತುರೆ’. 2020ರಲ್ಲಿ ನೆಟ್‌ಫ್ಲಿಕ್ಸ್‌ನ ಮೂಲಕ ಹೊರಬಂದ ಈ ಚಿತ್ರದಲ್ಲಿ, ಹೆಣ್ಣುಗಳನ್ನು ಹೊರದೇಶಗಳಿಗೆ ಸಾಗಿಸಿ ಮಾರುವವರ ಜಾಲವನ್ನು ಬಯಲಿಗೆಳೆಯಲು ತರುಣ ಪತ್ರಕರ್ತೆಯೊಬ್ಬಳು ವೇಶ್ಯೆಯ ವೇಷದಲ್ಲಿ ಅವರ ನಡುವೆ ಸೇರುತ್ತಾಳೆ. ವಾಚಕರು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ರಿಯಾಲಿಟಿ ಷೋದಲ್ಲಿ ನಿಜವಾದ ಮನುಷ್ಯರು ಕಟ್ಟಿದ ಸನ್ನಿವೇಶದಲ್ಲಿ ಚಲಿಸುತ್ತಾರೆ. ಇಲ್ಲಿ ಕಲ್ಪಿತ ಪಾತ್ರವು ನಿಜವಾದ ಘೋರದಲ್ಲಿ ಚಲಿಸುತ್ತದೆ. ನಾಯಿಕೆ ತೊಟ್ಟ ವೇಷವು ಸಂಜೆಗೆ ಕಳಚಿಡುವಂಥದಲ್ಲ. ಅದೇ ಅವಳ ವಿಧಿಯಾಗಿ ಬಿಗಿಯುತ್ತದೆ. ಅವಳನ್ನು ಕಥೆಯು ಕೊನೆಯಲ್ಲಿ ಸುಲಭವಾಗಿ ಉಳಿಸಿಕೊಡುವುದಿಲ್ಲ. ಗೆದ್ದವರನ್ನು ಮಾತ್ರ ಕೊಂಡಾಡುವ ಸ್ಪರ್ಧೆಯನ್ನು ನಿರ್ಮಿಸಿದ ಕೈಯೇ, ಸೋತವಳ ಕಡೆ ಕ್ಯಾಮೆರಾವನ್ನು ತಿರುಗಿಸಿ ಅಲ್ಲಿಯೇ ನಿಲ್ಲಿಸಿತು. ಕೆಲವು ದೃಶ್ಯಗಳಲ್ಲಿ ಬೀಭತ್ಸವು ಕರುಣವನ್ನು ಮೀರಿರುವುದು ನಿಜ. ಆದರೂ ಇದುವರೆಗಿನ ಕೃತಿಗಳಲ್ಲಿ ನೋಡುವವನ ನೆಮ್ಮದಿಯನ್ನು ಕೆಡಿಸುವ ಧೈರ್ಯ ತೋರಿದುದು ಇದೇ.

2022ರ ‘ಎಲೆಸಿನ್ ಒಬಾ’ ಇನ್ನೂ ಎತ್ತರದ ಸಾಹಸ. 1986ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವೊಲೆ ಸೊಯಿಂಕಾ ಅವರ 1975ರ ನಾಟಕ ‘ಡೆತ್ ಅಂಡ್ ದಿ ಕಿಂಗ್ಸ್ ಹಾರ್ಸ್‌ಮನ್’ ಇದರ ಮೂಲ. ಅರಸನು ತೀರಿದ ಬಳಿಕ ಅವನ ಅಶ್ವಾಧಿಪತಿಯು ತಾನೂ ಪ್ರಾಣ ಬಿಟ್ಟು ಅವನನ್ನು ಪರಲೋಕಕ್ಕೆ ಕೂಡಬೇಕೆಂಬುದು ಸಂಪ್ರದಾಯ. ಆಂಗ್ಲ ಅಧಿಕಾರಿಯು ತಡೆಯುತ್ತಾನೆ. ವೈದ್ಯವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿ ಮರಳಿದ ಮಗನು ತಂದೆಯ ಬದಲು ಪ್ರಾಣ ಕೊಡುತ್ತಾನೆ. 1946ರಲ್ಲಿ ಓಯೊ ನಗರದಲ್ಲಿ ನಡೆದ ಘಟನೆಯೇ ನಾಟಕಕ್ಕೆ ಬೀಜ. ಇದನ್ನು ಎರಡು ಸಂಸ್ಕೃತಿಗಳ ಘರ್ಷಣೆಯೆಂದು ಮಾತ್ರ ಓದಬಾರದೆಂದು ಸೊಯಿಂಕಾ ತಮ್ಮ ಮುನ್ನುಡಿಯಲ್ಲಿ ಎಚ್ಚರಿಸಿದ್ದರು. ಯಜ್ಞದ ಮುಂದೆ ನಿಂತ ಮನುಷ್ಯನು ತನ್ನ ಆಸೆಯ ಎಳೆತಕ್ಕೆ ಸಿಕ್ಕಿ ಹಿಂಜರಿಯುವುದೇ ನಾಟಕದ ಹೃದಯ.

ಈ ಚಿತ್ರವನ್ನು ನಿರ್ದೇಶಿಸಿದವರೂ ಬಾಂಡೆಲೆಯವರೇ. ತೆರೆಗೆ ಬರುವುದಕ್ಕೆ ಮುನ್ನ, 2022ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಚಿತ್ರದ ಪರಮಗುಣವು ಭಾಷೆ. ಸೊಯಿಂಕಾ ಯೊರುಬಾದ ಗಾದೆಗಳನ್ನೂ ಹೊಗಳುಭಟ್ಟರ ನುಡಿಗಟ್ಟುಗಳನ್ನೂ ಇಂಗ್ಲಿಷಿಗೆ ಹೊತ್ತು ತಂದಿದ್ದರು; ಚಿತ್ರವು ಅವನ್ನು ಮತ್ತೆ ತವರುಭಾಷೆಗೆ ಒಯ್ದಿತು. ಸಂತೆಯ ಹೆಂಗಸರ ಮಾತಿಗೆ ಮರಳಿ ಬಂದ ಕಸುವನ್ನು ಭಾಷೆ ತಿಳಿಯದವನೂ ಕಿವಿಯಿಂದಲೇ ಅರಿಯಬಲ್ಲನು. ಕೊರತೆಯು ಬೇರೆ ಕಡೆ ಇದೆ. ಸಾವಿನತ್ತ ಕುಣಿಯುತ್ತ ನಡೆಯುವ ಎಲೆಸಿನ್ನನ ಒಳಗಿನ ಪರವಶತೆಯನ್ನು ಕ್ಯಾಮೆರಾ ಹಿಡಿಯಲಿಲ್ಲ. ಅವನ ಉಡುಗೆಯ ಬೆಡಗನ್ನೂ ಆಸೆಯ ಬಿಸಿಯನ್ನೂ ಹಿಡಿದಷ್ಟು ಸುಲಭವಾಗಿ ಆತ್ಮದ ತಳಮಳವನ್ನು ಹಿಡಿಯಲು ಅದಕ್ಕೆ ತಾಳ್ಮೆ ಸಾಲಲಿಲ್ಲ. ಕಣ್ಣಿಗೆ ಹಬ್ಬ ಮಾಡುವ ಹಳೆಯ ಅಭ್ಯಾಸವು ಇಲ್ಲಿಯೂ ಹಿಂಬಾಲಿಸಿತೆಂದು ತೋರುತ್ತದೆ.

ಗುಣದೋಷಗಳನ್ನು ತೂಗಿ ನೋಡಿದರೆ, ಪರರ ಆಟವನ್ನು ತಮ್ಮ ಅಂಗಳದಲ್ಲಿ ಆಡಿಸಿದವರು, 14 ವರ್ಷಗಳ ಅವಧಿಯಲ್ಲಿ, ತಮ್ಮ ನಾಡಿನ ಮಹಾಕೃತಿಯೊಂದನ್ನು ತಮ್ಮ ನಾಡಿನ ಮಾತಿನಲ್ಲಿಯೇ ಲೋಕದ ಮುಂದಿಟ್ಟರೆಂಬುದು ಸ್ಪಷ್ಟವಾಗುತ್ತದೆ. ‘ವಾಸ್ತವ’ವೆಂಬ ಹೆಸರನ್ನು ಬಿಟ್ಟ ಮೇಲೆಯೇ ಅವರ ಕೃತಿಗಳು ವಾಸ್ತವಕ್ಕೆ ಹತ್ತಿರವಾದುವು. ಒಂದು ಆತಂಕ ಮಾತ್ರ ಉಳಿಯುತ್ತದೆ. ಈ ಎರಡು ಚಿತ್ರಗಳನ್ನೂ ಲೋಕಕ್ಕೆ ತಲುಪಿಸಿದ ಕಿಟಕಿಯು ಪರದೇಶದ ಸಂಸ್ಥೆಯ ಕೈಯಲ್ಲಿದೆ. ಅಂಥದೇ ಇನ್ನೊಂದು ಸಂಸ್ಥೆಯಾದ ಅಮೆಜಾನ್ ಪ್ರೈಮ್ ವಿಡಿಯೊ, 2024ರ ಆರಂಭದಲ್ಲಿ, ಆಫ್ರಿಕದಲ್ಲಿ ಹೊಸ ಕೃತಿಗಳಿಗೆ ಹಣ ಹೂಡುವುದನ್ನು ನಿಲ್ಲಿಸಿತು. ಎರಕವು ಸ್ವಂತದ್ದಾದರೂ ಕುಲುಮೆಯು ಪರರದಾಗಿರುವವರೆಗೆ, ಬೆಂಕಿಯನ್ನು ಯಾವಾಗ ಆರಿಸಬೇಕೆಂಬ ನಿರ್ಣಯವೂ ಪರರದೇ ಆಗಿರುತ್ತದೆ. ಅಬುಡು ಅವರ ಮುಂದಿನ ಕೆಲಸದ ಬೆಲೆಯು ಈ ಪ್ರಶ್ನೆಗೆ ಅವರು ಕಂಡುಕೊಳ್ಳುವ ಉತ್ತರವನ್ನು ಅವಲಂಬಿಸಿದೆ.