ಕಾದಂಬರಿಯಾಚೆಯ ಗೌಡರು

ಅನಂತಮೂರ್ತಿಯವರ ‘ಅವಸ್ಥೆ’ (1978) ಓದುವಾಗಲೆಲ್ಲ ನಾನೂ ಅದರ ನಾಯಕ ಕೃಷ್ಣಪ್ಪಗೌಡನಲ್ಲಿ ಶಾಂತವೇರಿ ಗೋಪಾಲಗೌಡರನ್ನೇ ಹುಡುಕಿದ್ದೇನೆ. ಹಾಗೆ ಓದಿದ್ದು ತಪ್ಪೆಂದು ಈಗ ಅನ್ನಿಸುತ್ತದೆ. ಹಾಸಿಗೆ ಹಿಡಿದ ಕೃಷ್ಣಪ್ಪನ ಸಂಕಟ, ಕೈಗೆಟುಕುವಂತಿದ್ದ ಮುಖ್ಯಮಂತ್ರಿ ಪದವಿಯದು. ಗೋಪಾಲಗೌಡರು ಮಂತ್ರಿಯೂ ಆಗಲಿಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತರು; 1952ರಲ್ಲಿ ಶಾಸಕರಾದರು, 1957ರಲ್ಲಿ ಸೋತರು, ಮತ್ತೆ ಎರಡು ಸಲ ಗೆದ್ದು ವಿರೋಧಪಕ್ಷದಲ್ಲೇ ಕೂತರು. 1972ರಲ್ಲಿ ತೀರಿಕೊಂಡರು.

ಉಳುವವನನ್ನೇ ಒಡೆಯನನ್ನಾಗಿಸಿದ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ, ದೇವರಾಜ ಅರಸರ ಕಾಲಕ್ಕೆ. ವರ್ಷವರ್ಷ ಗೇಣಿ ಅಳೆಯುತ್ತಿದ್ದ ನನ್ನಪ್ಪ, ಪಹಣಿಯಲ್ಲಿ ತನ್ನ ಹೆಸರು ಬಂದ ದಿನ ನೆನೆದದ್ದು ಮಾತ್ರ ಗೌಡರನ್ನು.

ಅಧಿಕಾರ ಮನುಷ್ಯನನ್ನು ಏನು ಮಾಡುತ್ತದೆಂದು ಕಾದಂಬರಿ ಕೇಳುತ್ತದೆ. ಅಧಿಕಾರವಿಲ್ಲದವನು ಏನೆಲ್ಲ ಮಾಡಬಲ್ಲನೆಂದು ಅಪ್ಪನ ಪಹಣಿ ಹೇಳುತ್ತದೆ. ನಾನು ಎರಡನ್ನೂ ಒಂದೇ ಕಪಾಟಿನಲ್ಲಿಟ್ಟಿದ್ದೇನೆ.