ಮೌಲಾನಾ ರೂಮಿಯ ಸಿಂಹವೂ ಮೊಲವೂ

ದಿನಕ್ಕೊಂದು ಪ್ರಾಣಿಯನ್ನು ಕಪ್ಪವಾಗಿ ಪಡೆಯುತ್ತಿದ್ದ ಸಿಂಹವನ್ನು ಮೊಲವೊಂದು ಬಾವಿಗೆ ಕೆಡಹಿದ ಕಥೆಯನ್ನು ಕೇಳದೆ ಬೆಳೆದ ಮಗು ಕನ್ನಡ ನಾಡಿನಲ್ಲಿ ವಿರಳ. ಚಾಳುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ವಸುಭಾಗನ ಪಾಠವನ್ನನುಸರಿಸಿ ಪಂಚತಂತ್ರವನ್ನು ಕನ್ನಡಿಸಿದುದು ಸುಮಾರು 1031ರಲ್ಲಿ. ಈ ಕಥೆಗಳು ಅದಕ್ಕೆ ಬಹು ಪೂರ್ವದಲ್ಲಿಯೇ ಪಾರಸೀಕ ದೇಶವನ್ನು ಸೇರಿದ್ದುವು. 6ನೆಯ ಶತಮಾನದಲ್ಲಿ ಖುಸ್ರೋ ಅನೂಶಿರ್ವಾನನ ಆಸ್ಥಾನದ ವೈದ್ಯ ಬುರ್ಜೋಯನು ಅವನ್ನು ಪಹ್ಲವಿಗೆ ತಂದನು. 8ನೆಯ ಶತಮಾನದಲ್ಲಿ ಇಬ್ನುಲ್ ಮುಕಫ್ಫನು ಅರಬ್ಬಿಗೆ, 12ನೆಯದರಲ್ಲಿ ನಸ್ರುಲ್ಲಾ ಮುನ್ಶಿಯು ಪಾರಸಿ ಗದ್ಯಕ್ಕೆ. ಕರಟಕ ದಮನಕರು ಅಲ್ಲಿ ಕಲೀಲ ದಿಮ್ನರಾದರು. ಹೀಗೆ ಮನೆಮಾತಾಗಿದ್ದ ಕಥೆಯನ್ನು 13ನೆಯ ಶತಮಾನದಲ್ಲಿ ಜಲಾಲುದ್ದೀನ್ ರೂಮಿಯು ತನ್ನ ಮಸ್ನವಿಯ ಮೊದಲನೆಯ ಸಂಪುಟದಲ್ಲಿ ಕೈಗೆತ್ತಿಕೊಂಡನು. ಕಥೆ ಬೇಕಾದವರು ಅದನ್ನು 'ಕಲೀಲ'ದಲ್ಲಿ ನೋಡಿಕೊಳ್ಳಲಿ ಎಂದು ಆರಂಭದಲ್ಲಿಯೇ ಹೇಳಿಬಿಡುತ್ತಾನೆ. ಅವನಿಗೆ ಬೇಕಾದುದು ಬೇರೆ.

ಮೊದಲನೆಯ ಮಾರ್ಪಾಡು ವಾದದಲ್ಲಿದೆ. ಹಳೆಯ ಕಥೆಯಲ್ಲಿ ಒಪ್ಪಂದವು ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ರೂಮಿಯ ಮೃಗಗಳಾದರೋ ಸಿಂಹಕ್ಕೆ ವೇದಾಂತವನ್ನು ಬೋಧಿಸುತ್ತವೆ: ಬೇಟೆಯ ಶ್ರಮವೇಕೆ, ದೈವವನ್ನು ನಂಬಿ ಸುಮ್ಮನಿರು ಎಂದು. ಸಿಂಹವು, ಒಂಟೆಯ ಕಾಲನ್ನು ಕಟ್ಟಿ ಆಮೇಲೆ ದೈವವನ್ನು ನಂಬೆಂಬ ಪ್ರವಾದಿಯ ವಚನವನ್ನು ಮುಂದಿಟ್ಟು ಪುರುಷಕಾರವನ್ನು ಸಮರ್ಥಿಸುತ್ತದೆ. ಯಮದೂತನ ನೋಟಕ್ಕೆ ಹೆದರಿ, ಸೊಲೊಮನ್ ಅರಸನನ್ನು ಬೇಡಿ, ಗಾಳಿಯ ಮೇಲೇರಿ ಹಿಂದೂಸ್ಥಾನಕ್ಕೆ ಓಡಿದವನು ಅಲ್ಲಿಯೇ ಸತ್ತ ಉಪಕಥೆ ಈ ಚರ್ಚೆಯ ನಡುವೆ ಬರುತ್ತದೆ. ವಾದದಲ್ಲಿ ಗೆಲ್ಲುವುದು ಸಿಂಹ. ಪ್ರಾಣ ಕಳೆದುಕೊಳ್ಳುವುದೂ ಸಿಂಹವೇ. ದೈವವೇ ಗತಿಯೆಂದ ಪಕ್ಷದಿಂದಲೇ ಎದ್ದ ಮೊಲವು ಉಪಾಯವನ್ನು ಹೂಡಿದಾಗ ಸ್ವಜನರೇ ಅದನ್ನು ಗದರಿಸುತ್ತಾರೆ. ಈ ವ್ಯಂಗ್ಯವು ಮೂಲಕಥೆಯಲ್ಲಿಲ್ಲ. ಆದರೆ ಕವಿಯು ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ನಾನೂರಕ್ಕೂ ಮಿಕ್ಕ ದ್ವಿಪದಿಗಳಲ್ಲಿ ಕಥೆ ಮತ್ತೆ ಮತ್ತೆ ನಿಲ್ಲುತ್ತದೆ. ಸಿಂಹವು ಹಸಿದು ನೆಲ ಕೆರೆಯುತ್ತಿರುವಾಗ ಓದುಗನೂ ಜೊತೆಯಲ್ಲಿ ಕಾಯಬೇಕು.

ಎರಡನೆಯ ಮಾರ್ಪಾಡು ಬಾವಿಯಲ್ಲಿದೆ. ತನ್ನ ಸಂಗಾತಿಯನ್ನು ಮತ್ತೊಂದು ಸಿಂಹವು ಹಿಡಿದಿಟ್ಟಿದೆಯೆಂದು ಮೊಲವು ಹೇಳುತ್ತದೆ; ಬಾವಿಯ ಬಳಿ ಭಯವನ್ನು ನಟಿಸುತ್ತದೆ. ಸಿಂಹವು ಅದನ್ನು ತನ್ನ ಮಗ್ಗುಲಿಗೆಳೆದುಕೊಂಡು ಬಗ್ಗಿ ನೋಡಿದರೆ ನೀರಿನಲ್ಲಿ ಸಿಂಹವೂ ಉಂಟು, ಮೊಲವೂ ಉಂಟು! ಪಂಚತಂತ್ರದಲ್ಲಿ ಪ್ರತಿಬಿಂಬವು ಬರಿಯ ಮೋಸ. ರೂಮಿಯಲ್ಲಿ ಅದು ದಿಟ. ಪರರಲ್ಲಿ ಕಾಣುವ ಕ್ರೌರ್ಯವು ನೋಡುವವನದೇ ಎಂದು ಕವಿಯು ನೇರವಾಗಿ ಓದುಗನ ಕಡೆಗೆ ತಿರುಗುತ್ತಾನೆ.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯುಂಟು. ದಿನವೂ ಒಬ್ಬೊಬ್ಬರನ್ನು ತಿಂದ ದೊರೆಯ ಅಪರಾಧವನ್ನು ಎಲ್ಲರ ಅಂತರಂಗಕ್ಕೂ ಹಂಚಿಬಿಟ್ಟರೆ ತಿನ್ನಿಸಿಕೊಂಡವರ ಗತಿಯೇನು? ನೀತಿಶಾಸ್ತ್ರವಾಗಿದ್ದ ಕಥೆಯು ದುರ್ಬಲನ ಕೈಯಿಂದ ಆಯುಧವನ್ನು ಕಸಿದುಕೊಂಡಂತಾಗದೆ? ಬಿಡಿಬಿಡಿಯಾಗಿ ಎತ್ತಿದ ದ್ವಿಪದಿಗಳನ್ನಷ್ಟೇ ಓದಿದವರಿಗೆ ಹಾಗೆಯೇ ತೋರುವುದು ಸಹಜ. ಆದರೆ ಕ್ರಮವನ್ನು ಗಮನಿಸಬೇಕು. ಆ ಕತ್ತಲ ಬಾವಿಯು ಪೀಡಕನ ಅನ್ಯಾಯವೇ, ಅನ್ಯಾಯ ಹೆಚ್ಚಿದಷ್ಟೂ ಅದು ಘೋರವೆಂದು ಕವಿಯು ದೊರೆಗೇ ಮೊದಲು ಹೇಳುತ್ತಾನೆ. ಮೃಗಗಳಿಗೆ ಒಳಗಿನ ಶತ್ರುವಿನ ಮಾತು ಕೇಳಿಸುವುದಾದರೋ ಹೊರಗಿನ ಸಿಂಹವು ಸತ್ತ ಮೇಲೆಯೇ. ಹಸಿದ ಸಿಂಹದೆದುರು ನಡುಗುತ್ತಿದ್ದಾಗ ಆತ್ಮಶೋಧನೆ ಮಾಡಿಕೊಳ್ಳಿರೆಂದು ಅವಕ್ಕೆ ಯಾರೂ ಹೇಳಲಿಲ್ಲ.

ಹಲವು ಸಂಗ್ರಹಗಳು ಸಿಂಹವು ನೀರಿಗೆ ಬಿದ್ದೊಡನೆ ಕಥೆಯನ್ನು ಮುಗಿಸಿಬಿಡುತ್ತವೆ. ಅದು ದೊಡ್ಡ ನಷ್ಟ. ಮೊಲವು ಹುಲ್ಲುಗಾವಲಿಗೆ ಕುಣಿಯುತ್ತ ಮರಳುವುದೂ, ಮೃಗಗಳು ದೀಪದ ಸುತ್ತ ನೆರೆದಂತೆ ಅದನ್ನು ಬಳಸಿ ನಿಂತು ಹೊಗಳುವುದೂ, ಬಾಯಿ ತುಂಬ ಬಂದ ಆ ಸ್ತುತಿಯನ್ನು ಮೊಲವು ದೇವರ ಕಡೆಗೆ ತಿರುಗಿಸಿ, ಇಂದು ಗೆದ್ದವರ ಸರದಿಯೂ ನಾಳೆ ಕಳೆಯುವುದೆಂದು ಸಂಭ್ರಮದ ನಡುವೆಯೇ ಎಚ್ಚರಿಸುವುದೂ ಆಮೇಲಿನ ಪುಟಗಳಲ್ಲಿವೆ.